ಗಂಗವ್ವನ ಹೆಸರಿನ ಡಬ್ಬಿ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥವನ್ನೆಲ್ಲ ನಂಬುವ ಪೈಕಿ ಅಲ್ಲ. ಹಾನಗಲ್ಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ದೆವ್ವ, ಭಾನಾಮತಿ, ಸತ್ತವರು ಬಂದು ಬಾಗಿಲು ಬಡಿಯುವುದು, ಇಂಥ ಮಾತು ಬಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ನಾನೇ. ಮಕ್ಕಳಿಗೂ ಹೇಳುತ್ತಿದ್ದೆ: ಕಣ್ಣಿನಿಂದ ನೋಡಿರಿ, ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿರಿ, ಆಮೇಲೆ ಬಾಯಿ ಬಿಡಿರಿ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ನಾನು ಮಾಡಿದ್ದನ್ನು ಓದುವಾಗ ನನ್ನ ಬಗ್ಗೆ ಸರಿಯಾದ ಅಭಿಪ್ರಾಯಕ್ಕೆ ಬರಲು ನಿಮಗೆ ಅದು ಬೇಕಾಗುತ್ತದೆ.

ನಮ್ಮ ಓಣಿ ದೊಡ್ಡ ರಸ್ತೆಗೆ ಕೂಡುವ ಮೂಲೆಯಲ್ಲಿ ಕೆಲವು ವರ್ಷಗಳ ಹಿಂದೆ ಒಂದು ಚೈನೀಸ್ ಹೋಟೆಲ್ ಇತ್ತು. ಆರೇ ಟೇಬಲ್ಲು. ನಡೆಸುತ್ತಿದ್ದವರು ಸವಣೂರಿನ ಮಕ್ತುಮಸಾಬರು. ಗೋವಾದ ದೊಡ್ಡ ಹೋಟೆಲೊಂದರ ಅಡುಗೆಮನೆಯಲ್ಲಿ ಬಹಳ ವರ್ಷ ದುಡಿದು ಕೈ ಪಳಗಿಸಿಕೊಂಡು ಬಂದವರು. ಬೋರ್ಡಿನ ಮೇಲೆ ಡ್ರ್ಯಾಗನ್ ಬರೆಯಲು ಟ್ರ್ಯಾಕ್ಟರ್ ಟ್ರೇಲರುಗಳಿಗೆ ಚಿತ್ರ ಬರೆಯುವ ಪೇಂಟರನನ್ನು ಹಿಡಿದಿದ್ದರು. ಅವನು ಜನ್ಮದಲ್ಲಿ ಡ್ರ್ಯಾಗನ್ ಕಂಡವನಲ್ಲ, ಮೀಸೆ ಇರುವ ನಾಗರಹಾವೊಂದನ್ನು ಬರೆದು ಕೊಟ್ಟ. ನಾಗರಪಂಚಮಿಯ ದಿನ ಯಾರೋ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ ಹೋದರು. ಮಕ್ತುಮಸಾಬರು ಅದನ್ನು ಒರೆಸಲು ಹೋಗಲಿಲ್ಲ, ಮಳೆಗೆ ತಾನಾಗಿ ತೊಳೆದು ಹೋಗುವವರೆಗೆ ಹಾಗೇ ಬಿಟ್ಟರು.

ಆ ಹೋಟೆಲು ಎಂದರೆ ನಮಗೆಲ್ಲ ಜೀವ. ಫ್ರೈಡ್ ರೈಸಿಗೆ ಅವರು ಬಾಸುಮತಿ ತರುತ್ತಿರಲಿಲ್ಲ, ಅಕ್ಕಿಆಲೂರಿನ ಮಿಲ್ಲಿಗೆ ತಾವೇ ಹೋಗಿ ಅಕ್ಕಿ ಆರಿಸಿ ತರುತ್ತಿದ್ದರು. ಸಾಸಿನ ಬಾಟಲಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಿಡುತ್ತಿದ್ದರು, ಇಲ್ಲದಿದ್ದರೆ ನನ್ನ ವಿದ್ಯಾರ್ಥಿಗಳು ಅರ್ಧ ಬಾಟಲಿ ಸುರಿದುಕೊಳ್ಳುತ್ತಾರೆ ಎಂದು. ಹಿರೇಕೆರೂರಿನಿಂದ ಮದುವೆಯಾಗಿ ಬಂದ ನನ್ನ ಹೆಂಡತಿ ಜೀವನದಲ್ಲಿ ಮೊದಲ ಸಲ ನೂಡಲ್ಸ್ ತಿಂದದ್ದು ಅಲ್ಲೇ. ಅವಳ ಚಮಚದಿಂದ ಅದು ಜಾರಿ ಜಾರಿ ಬೀಳುವುದನ್ನು ನೋಡಿ, ಮಕ್ತುಮಸಾಬರು ಏನೂ ಹೇಳದೆ ಪಕ್ಕದ ಪರದೆಯನ್ನು ಎಳೆದು ಹೋದರು. ಅವಳು ಆರಾಮಾಗಿ ಕೈಯಿಂದ ತಿಂದಳು. ಒಮ್ಮೆ ಅವರು ನನ್ನನ್ನು, ಚೀನಾದಾಗ ಗೋಬಿ ಮಂಚೂರಿ ಸಿಗತೈತೇನ್ರಿ ಸರ, ಎಂದು ಕೇಳಿದರು. ನಾನು ಮೊಬೈಲಿನಲ್ಲಿ ಹುಡುಕಿ, ಅಲ್ಲಿಯವರಿಗೆ ಅದು ಗೊತ್ತೇ ಇಲ್ಲವಂತೆ ಎಂದೆ. ಪಾಪ ಅವರು, ಎಂದು ನಿಜವಾಗಿಯೂ ಮರುಗಿದರು.

ಅವರದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಗೋಬಿ, ಕ್ಯಾಬೇಜು ಮಾಡುವ ಕಡಾಯಿಯೇ ಬೇರೆ, ತತ್ತಿ ಮತ್ತು ಕೋಳಿಯದೇ ಬೇರೆ. ಎರಡಕ್ಕೂ ನಡುವೆ ಎದೆಮಟ್ಟದ ಒಂದು ಗೋಡೆ ಕಟ್ಟಿಸಿದ್ದರು. ಆ ಕಡೆಯ ಸೌಟು ಈ ಕಡೆಗೆ ಬರುವ ಹಾಗಿಲ್ಲ. ಸೋಮವಾರ ಆ ಕಡೆಯ ಒಲೆಯನ್ನು ಹಚ್ಚುತ್ತಲೇ ಇರಲಿಲ್ಲ. ಯಾರೂ ಅವರಿಗೆ ಹಾಗೆ ಮಾಡಲು ಹೇಳಿರಲಿಲ್ಲ. ಲಿಂಗ ಕಟ್ಟಿಕೊಂಡವರು ನನ್ನ ಕೈಯಡುಗೆ ಉಣ್ಣುತ್ತಾರೆ, ಅವರ ನಂಬಿಗೆ ಕೆಡಬಾರದು ಎಂಬುದು ಅವರ ಲೆಕ್ಕ.

ನಮ್ಮ ಅವ್ವ ಗಂಗವ್ವ ಮುಂಜಾನೆ ಲಿಂಗಪೂಜೆ ಆಗದೆ ಹನಿ ನೀರು ಮುಟ್ಟುವವಳಲ್ಲ. ನಾನು ಮೊದಲ ಸಲ ಅವಳ ಮುಂದೆ ಆ ಗೋಬಿ ಇಟ್ಟಾಗ ಅವಳು ಕೇಳಿದ್ದು ಒಂದೇ ಮಾತು, ಕಡಾಯಿ ಬ್ಯಾರೆ ಐತೇನ ಎಂದು. ಬೇರೆ ಇದೆ ಎಂದೆ. ತಿಂದಳು. ಆಮೇಲೆ ಪ್ರತಿ ಶನಿವಾರ ಸಂಜೆ ಅವಳಿಗೆ ಚೀನಾದ ಪಲ್ಲೆ ಬೇಕೇ ಬೇಕು. ಅವಳ ಹಲ್ಲಿನ ಪರಿಸ್ಥಿತಿ ತಿಳಿದು ಮಕ್ತುಮಸಾಬರು ದಂಟಿನ ನಾರು ತೆಗೆದು, ಖಾರ ಕಡಿಮೆ ಮಾಡಿ, ಚೂರು ಬೆಲ್ಲ ಹಾಕಿ ಮಾಡಿಕೊಡುತ್ತಿದ್ದರು. ನಾನು ಹೋದ ಕೂಡಲೇ ಒಳಗೆ ತಿರುಗಿ, ಅವ್ವಾರ ಗೋಬಿ, ಎಂದು ತಮಗೆ ತಾವೇ ಆರ್ಡರು ಕೊಟ್ಟುಕೊಳ್ಳುತ್ತಿದ್ದರು.

ಅವ್ವನಿಗೆ ಪ್ಲಾಸ್ಟಿಕ್ ಆಗುತ್ತಿರಲಿಲ್ಲ. ಅದಕ್ಕಾಗಿ ಎರಡು ಸ್ಟೀಲಿನ ಡಬ್ಬಿ ಇಟ್ಟಿದ್ದಳು. ಎರಡೂ ಒಂದೇ ಅಳತೆಯವು, ಎರಡರ ಮೇಲೂ ಚುಕ್ಕಿ ಚುಕ್ಕಿಯಾಗಿ ಗಂಗವ್ವ ಎಂದು ಹೆಸರು ಕೊರೆಸಿದ್ದಳು. ಒಂದು ಹೋಟೆಲಿನಲ್ಲಿರುತ್ತಿತ್ತು, ಒಂದು ನಮ್ಮಲ್ಲಿ. ಇದನ್ನು ಕೊಟ್ಟು ಅದನ್ನು ತರುವುದು. ಯಾರದೇ ಪಾತ್ರೆಯನ್ನು ಬರಿದಾಗಿ ಕಳಿಸಬಾರದು ಎಂಬ ಪದ್ಧತಿ ನಿಮ್ಮ ಮನೆಯಲ್ಲೂ ಇದ್ದೀತು. ಅವ್ವ ತನ್ನ ಡಬ್ಬಿಯನ್ನೂ ಬರಿದಾಗಿ ಕಳಿಸುತ್ತಿರಲಿಲ್ಲ, ಒಂದು ಹಿಡಿ ಶೇಂಗಾಚಟ್ನಿ, ಅದಿಲ್ಲದಿದ್ದರೆ ನಾಲ್ಕು ಹರಳು ಸಕ್ಕರೆ ಹಾಕುತ್ತಿದ್ದಳು. ಹೀಗೆ ಆರೇಳು ವರ್ಷ ಇವರಿಬ್ಬರ ಕೊಡುಕೊಳ್ಳುವಿಕೆ ನಡೆಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ.

ಶಿವರಾತ್ರಿ ಮುಗಿದ ಮೊದಲ ಶನಿವಾರ ನಾನು ಡಬ್ಬಿ ತರಲು ಹೋದಾಗ ಯಾರೊಂದಿಗೋ ಫೋನಿನಲ್ಲಿದ್ದೆ. ಮಕ್ತುಮಸಾಬರು ಡಬ್ಬಿ ಕೊಡುತ್ತ ಏನೋ ಹೇಳಿದರು. ನಾನು ಲಕ್ಷ್ಯ ಕೊಡದೆ ಗೋಣು ಹಾಕಿ ಬಂದೆ. ಮನೆಯಲ್ಲಿ ಅವ್ವ ಎರಡು ತುತ್ತು ತಿಂದು ಮೂರನೆಯದನ್ನು ಅಗಿಯುತ್ತ ಥಟ್ಟನೆ ನಿಲ್ಲಿಸಿದಳು. ಬಾಯಿಂದ ತೆಗೆದು ನೋಡಿದಳು. ಎಳೆ ಎಳೆಯಾಗಿ ಬಿಚ್ಚಿಕೊಳ್ಳುವ, ಕಂದು ಬಣ್ಣದ, ಮೆತ್ತಗಿನ ತುಂಡು. ಏನ ತಿನಿಸಿದ್ಯೋ ಯಪ್ಪಾ ನನಗ, ಎಂದಳು. ಆಮೇಲೆ ಹಿತ್ತಲಿಗೆ ಹೋಗಿ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಕೊಂಡಳು.

ನಾನು ಪರೀಕ್ಷೆ ಮಾಡಲಿಲ್ಲ. ಕೈಯಿಂದ ಮುಟ್ಟಲೂ ಇಲ್ಲ. ಆ ತುಂಡಿನ ಫೋಟೊ ತೆಗೆದು, ಚೈನೀಸ್ ಹೋಟೆಲಿನ ಗೋಬಿಯಲ್ಲಿ ಮಾಂಸ, ಎಲ್ಲರೂ ಎಚ್ಚರ, ಎಂದು ಬರೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಅಲ್ಲಿ ನನ್ನ ಮಾತಿಗೆ ತೂಕವಿತ್ತು. ಸೈನ್ಸ್ ಸರ್ ಹೇಳಿದ ಮೇಲೆ ಮುಗಿಯಿತು ಎಂದು ಜನ ಅದನ್ನು ಬೇರೆ ಬೇರೆ ಗ್ರೂಪಿಗೂ ಕಳಿಸಿದರು.

ಒಂದು ತಾಸು ಕಳೆದಿರಬೇಕು. ಡಬ್ಬಿ ತೊಳೆಯಲು ಹೋದ ನನ್ನ ಹೆಂಡತಿ ಉಳಿದ ತುಂಡುಗಳನ್ನು ಬಿಡಿಸಿ ನೋಡಿ ನನ್ನನ್ನು ಕರೆದಳು. ಒಂದರೊಳಗೆ ಬೆಳ್ಳಗಿನ ಮೆತ್ತಗಿನ ಎಳೆ ಬೀಜವಿತ್ತು. ಅವಳ ತವರುಮನೆಯ ಹಿತ್ತಲಲ್ಲಿ ಹಲಸಿನ ಮರವಿದೆ, ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದು ಎಳೆ ಹಲಸಿನಕಾಯಿ. ಮಕ್ತುಮಸಾಬರು ಡಬ್ಬಿ ಕೊಡುವಾಗ ಏನು ಹೇಳಿದ್ದರು ಎಂಬುದು ಆಗ ನನ್ನ ತಲೆಗೆ ಹೊಳೆಯಿತು. ಅವ್ವಾರಿಗೆ ಒಂದ ಹೊಸಾದ್ದು ಹಾಕೇನಿ, ಹೆಂಗ ಐತಿ ಕೇಳಿ ಹೇಳ್ರಿ, ಎಂದಿದ್ದರು.

ಆ ಹೊತ್ತಿಗೇ ಗ್ರೂಪಿನಲ್ಲಿ ಎರಡು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ತಪ್ಪಾಯಿತು, ಅದು ಹಲಸಿನಕಾಯಿ, ಅಷ್ಟೇ. ಮೊಬೈಲು ಕೈಯಲ್ಲಿ ಹಿಡಿದೆ ಕೂಡ. ಆದರೆ ಅಷ್ಟರಲ್ಲಿ ನೂರಾರು ಮಂದಿ ನನ್ನನ್ನು ಹೊಗಳಿದ್ದರು. ಹಲಸಿನಕಾಯಿ ಗುರುತಿಸಲಾರದ ವಿಜ್ಞಾನದ ಮಾಸ್ತರ ಎಂದು ನಾಳೆ ಇಡೀ ಊರು ನಗುತ್ತದೆ ಎಂದೆನಿಸಿತು. ನಾಳೆ ನೋಡೋಣ ಎಂದು ಮಲಗಿದೆ. ಹೆಂಡತಿಗೆ, ಅವ್ವನ ಮುಂದೆ ಬಾಯಿ ಬಿಡಬೇಡ ಎಂದು ತಾಕೀತು ಮಾಡಿದೆ. ಅವ್ವನಿಗೆ ಗೊತ್ತಾದರೆ, ಹೋಗಿ ಅವರ ಕಾಲು ಹಿಡಿ ಎಂದು ನನ್ನನ್ನು ಹೊರಗೆ ದಬ್ಬುತ್ತಾಳೆ ಎಂಬುದು ನನಗೆ ಗೊತ್ತಿತ್ತು.

ಮರುದಿನ ಆದಿತ್ಯವಾರ ಮುಂಜಾನೆ ಮಕ್ತುಮಸಾಬರು ನಮ್ಮ ಮನೆಗೆ ಬಂದರು, ಮೊದಲ ಸಲ. ಕಿಟಕಿಯಿಂದ ಕಂಡೆ. ಕೈಚೀಲದಲ್ಲಿ ಕೊಯ್ದ ಅರ್ಧ ಹಲಸಿನಕಾಯಿ ಇತ್ತು. ನಾನು ಬಾಗಿಲ ಹಿಂದೆ ನಿಂತು ಹೆಂಡತಿಯನ್ನು ಮುಂದೆ ಕಳಿಸಿದೆ.

"ಸರ ಅದಾರೇನ್ರಿ?"

"ಇಲ್ಲರಿ, ಸಾಲಿಗೆ ಹೋಗ್ಯಾರ."

ಆದಿತ್ಯವಾರ ಶಾಲೆ ಇರುವುದಿಲ್ಲ ಎಂಬುದು ಅವರಿಗೆ ತಿಳಿಯದೇ? ಚೀಲದಿಂದ ಆ ಕಾಯಿಯನ್ನು ತೆಗೆದು ಕಟ್ಟೆಯ ಮೇಲೆ ಇಟ್ಟರು. "ಇರ್ಲಿ ಬಿಡ್ರಿ. ಅವ್ವಾರಿಗೆ ಇದನ್ನಷ್ಟ ತೋರಸ್ರಿ," ಎಂದು ಹೇಳಿ ಹೋದರು. ನಾನು ಅದನ್ನು ಅವ್ವ ನೋಡುವ ಮೊದಲೇ ಹಿತ್ತಲ ಗೋಡೆಯಾಚೆ ಎಸೆದೆ. ಅದರ ಮೇಣ ಕಟ್ಟೆಯ ಕಲ್ಲಿಗೆ ಹತ್ತಿ ಕಪ್ಪಾಗಿ ಕೂತಿತು. ಸೀಮೆ ಎಣ್ಣೆ ಹಾಕಿ ತಿಕ್ಕಿದರೂ ಹೋಗಲಿಲ್ಲ, ಈಗಲೂ ಇದೆ.

ಹೋಟೆಲಿಗೆ ಜನ ಬರುವುದು ನಿಂತಿತು. ಯಾರೂ ಜಗಳ ಮಾಡಲಿಲ್ಲ, ಕಲ್ಲು ಎಸೆಯಲಿಲ್ಲ, ಸುಮ್ಮನೆ ಬರುವುದನ್ನು ಬಿಟ್ಟರು. ನಾನು ಶಾಲೆಗೆ ಬೇರೆ ದಾರಿ ಹಿಡಿದೆ. ಮುಂಗಾರಿಗೆ ಮೊದಲೇ ಆ ಮೀಸೆಯ ಹಾವಿನ ಬೋರ್ಡು ಇಳಿಯಿತು. ಮಕ್ತುಮಸಾಬರು ಹುಬ್ಬಳ್ಳಿಯಲ್ಲಿ ಯಾರದೋ ಅಡುಗೆಮನೆಗೆ ಕೆಲಸಕ್ಕೆ ಸೇರಿದರಂತೆ. ಅವ್ವನ ಒಂದು ಡಬ್ಬಿ ಅವರ ಹತ್ತಿರವೇ ಉಳಿಯಿತು.

ಮನೆಯೊಳಗಿನದು ಅದಕ್ಕಿಂತ ಕೆಟ್ಟದ್ದು. ಅವ್ವ ಆ ದಿನದಿಂದ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವುದನ್ನು ಬಿಟ್ಟಳು. ಮಠದ ಅಯ್ನಾರು ಬಂದು ಪಾದೋದಕ ಕೊಟ್ಟು, ತಿಳಿಯದೆ ಆದದ್ದಕ್ಕೆ ದೋಷವಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಮುಂಜಾನೆ ಮಿಂದು ಬಂದು ಪೂಜೆಯ ಮಣೆಯ ಮುಂದೆ ಕೈ ಕಟ್ಟಿಕೊಂಡು ಕೂಡುತ್ತಿದ್ದಳು. ಈ ಬಾಯಿಲೆ ಹೆಂಗ ಹೆಸರ ಹಿಡೀಲಿ, ಎನ್ನುತ್ತಿದ್ದಳು. ಅವಳ ಎದುರು ನಾನು ಚಹಾ ಕುಡಿಯುತ್ತಿದ್ದೆ. ಒಂದು ಮಾತು, ಒಂದೇ ಮಾತು ಹೇಳಿದ್ದರೆ ಅವಳ ಕೈ ಲಿಂಗಕ್ಕೆ ಹೋಗುತ್ತಿತ್ತು. ಎಂಟು ತಿಂಗಳು ನಾನು ಆ ಮಾತು ಹೇಳಲಿಲ್ಲ. ನಾಚಿಕೆಯಿಂದ ಬರೆಯುತ್ತಿದ್ದೇನೆ, ನಿಧಾನಕ್ಕೆ ನನಗೆ ಅದು ರೂಢಿಯೂ ಆಯಿತು.

ದಸರೆಯ ಹೊತ್ತಿಗೆ ಅವ್ವ ಹಾಸಿಗೆ ಹಿಡಿದಳು. ಅದೇ ದಿನಗಳಲ್ಲಿ ಹುಬ್ಬಳ್ಳಿಯಲ್ಲಿ ಮಕ್ತುಮಸಾಬರು ಎದೆನೋವಿನಿಂದ ತೀರಿಕೊಂಡರೆಂಬ ಸುದ್ದಿ ಬಂತು. ಸವಣೂರಿಗೆ ಮಣ್ಣಿಗೆ ಹೋಗಿ ಬರಲು ನನಗೆ ಒಂದು ತಾಸಿನ ದಾರಿ. ಹೋಗಲಿಲ್ಲ. ಅವ್ವನಿಗೆ ಸುದ್ದಿಯನ್ನೂ ಹೇಳಲಿಲ್ಲ.

ಕಾರ್ತಿಕ ಮಾಸದ ಕೊನೆಯ ವಾರ, ಒಂದು ಶನಿವಾರ. ಹೆಂಡತಿ ಎರಡು ದಿನದ ಹಿಂದೆಯೇ ತವರಿಗೆ ಹೋಗಿದ್ದಳು. ನಾನು ಮಧ್ಯಾಹ್ನ ಅವ್ವನಿಗೆ ಗಂಜಿ ಕುಡಿಸಿ, ಪರೀಕ್ಷೆಯ ಏನೋ ಕೆಲಸವಿತ್ತೆಂದು ಮತ್ತೆ ಶಾಲೆಗೆ ಹೋದೆ. ಎದುರುಮನೆಯ ಶಾಂತಕ್ಕ ತನ್ನ ಕಟ್ಟೆಯ ಮೇಲೆ ಮೆಂತೆಪಲ್ಲೆ ಸೋಸುತ್ತ ಕುಳಿತಿದ್ದಳು, ಬಾಗಿಲ ಕಡೆ ಕಣ್ಣಿಡಲು ಹೇಳಿದೆ. ಅವ್ವ ಆಗ ಎದ್ದು ಕೂಡುವ ಸ್ಥಿತಿಯಲ್ಲಿರಲಿಲ್ಲ. ಐದು ಗಂಟೆಗೆ ತಿರುಗಿ ಬಂದು ಚಿಲಕ ತೆಗೆದೆ. ಹೊರಗಿನ ಚಿಲಕ ನಾನು ಹಾಕಿದಂತೆಯೇ ಇತ್ತು, ಹಿತ್ತಲ ಬಾಗಿಲೂ ಒಳಗಿನಿಂದ ಹಾಕಿಯೇ ಇತ್ತೆಂದು ಆಮೇಲೆ ನೋಡಿದೆ.

ಮೂಗಿಗೆ ಮೊದಲು ಬಡಿದದ್ದು ವಾಸನೆ. ಬೆಳ್ಳುಳ್ಳಿ, ಸೋಯಾ ಸಾಸು, ಸುಟ್ಟ ಬೆಲ್ಲ. ಆ ವಾಸನೆ ನನಗೆ ತಪ್ಪಲು ಸಾಧ್ಯವೇ ಇಲ್ಲ. ಅವ್ವ ಗೋಡೆಗೆ ಒರಗಿ ಕುಳಿತಿದ್ದಳು. ಹಣೆಯ ಮೇಲೆ ಮೂರು ಬೆರಳು ವಿಭೂತಿ ಇತ್ತು. ಎಡ ಅಂಗೈಯಲ್ಲಿ ಲಿಂಗವಿತ್ತು. ಮಗ್ಗುಲಲ್ಲಿ ಸ್ಟೀಲಿನ ಡಬ್ಬಿ, ಅದರ ಮೇಲೆ ಅವಳದೇ ಹೆಸರು. ನಾನು ಓಡಿ ಹೋಗಿ ಅಡುಗೆಮನೆಯ ಮಾಡದಲ್ಲಿ ನೋಡಿದೆ. ನಮ್ಮ ಡಬ್ಬಿ ಅದರ ಜಾಗದಲ್ಲೇ ಇತ್ತು. ಇದು ಇನ್ನೊಂದು.

"ಚೀನಾದ ಪಲ್ಲೇದವ ಬಂದಿದ್ದ," ಎಂದಳು ಅವ್ವ, ನೆಂಟರು ಬಂದು ಹೋದದ್ದನ್ನು ಹೇಳುವ ಹಾಗೆ. "ನಾ ನಿದ್ದಿ ಹತ್ತಿ ಮಕ್ಕೊಂಡಿದ್ನಿ. ಸೌಟ ಬಡದ ಸಪ್ಪಳಕ್ಕ ಎಚ್ಚರ ಆತು. ಬಿಳೇ ಅರಿವಿ ಉಟ್ಕೊಂಡಿದ್ದ. ಮೈಯೆಲ್ಲಾ ಕರ್ಪೂರದ ವಾಸನಿ. ಎಲ್ಲ್ಯೋ ಪೂಜಿ ಮುಗಿಸ್ಕೊಂಡ ಬಂದಾನ ಅನ್ಕೊಂಡ್ನಿ."

ಅವನು ಏನೆಂದ ಎಂದು ಕೇಳಿದೆ.

"ಅದು ಹಲಸಿನಕಾಯಿ ಆಗಿತ್ರಿ ಅವ್ವಾರ, ನಿಮ್ಮ ಲಿಂಗಕ್ಕ ಏನೂ ಆಗಿಲ್ಲ ಅಂದ. ಬಿಡಿಸಿ ಬೀಜ ತೋರಿಸಿದ. ತಿಂದ ನೋಡ್ರಿ ಅಂದ, ತಿಂದ್ನಿ. ಭಾಳ ಛಲೋ ಆಗೈತಿ."

ಡಬ್ಬಿಯ ತಳದಲ್ಲಿ ಎರಡು ತುಂಡು ಉಳಿದಿದ್ದವು. ಈ ಸಲ ನಾನು ಕೈಯಿಂದ ಮುಟ್ಟಿದೆ, ಬಿಡಿಸಿದೆ. ಎಳೆ ಎಳೆಯಾಗಿ ಬಿಚ್ಚಿತು, ಒಳಗೆ ಬೆಳ್ಳಗಿನ ಎಳೆ ಬೀಜವಿತ್ತು. ಕಾರ್ತಿಕದಲ್ಲಿ ನಮ್ಮ ಸೀಮೆಯ ಯಾವ ಮರದಲ್ಲೂ ಎಳೆ ಹಲಸಿನಕಾಯಿ ಇರುವುದಿಲ್ಲ. ಡಬ್ಬಿ ಇನ್ನೂ ಬೆಚ್ಚಗಿತ್ತು.

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. "ನಿನಗ ಗೊತ್ತಿತ್ತೇನೋ ತಮ್ಮಾ?" ಎಂದು ಕೇಳಿದಳು.

ನಾನು ಇಲ್ಲ ಎಂದೆ.

ಇದನ್ನು ಬರೆಯದೆ ಬಿಡಬಹುದಿತ್ತು. ಕೇಳುವವರು ಯಾರೂ ಇಲ್ಲ. ಆದರೆ ಅಂಥ ಹೊತ್ತಿನಲ್ಲಿ ಕೂಡ, ಆ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು, ಅವ್ವನ ಮುಂದೆ ನಾನು ಇಲ್ಲ ಎಂದೇ ಹೇಳಿದೆ. ಅವಳು ಡಬ್ಬಿ ತೊಳೆದಿಡು, ಬರಿದಾಗಿ ಕೊಡಬೇಡ, ಎಂದಳು. ಆಮೇಲೆ ಒಂಬತ್ತು ದಿನ ಬದುಕಿದ್ದಳು. ಒಂಬತ್ತೂ ದಿನ ಮಲಗಿದಲ್ಲೇ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿದಳು. ಹೋಗುವಾಗ ಅವಳ ಮುಖ ಶಾಂತವಾಗಿತ್ತು.

ಶಾಂತಕ್ಕನನ್ನು ಆ ದಿನವೇ ಕೇಳಿದ್ದೆ. ಕಟ್ಟೆ ಬಿಟ್ಟು ಎದ್ದಿಲ್ಲ, ನಿಮ್ಮ ಬಾಗಿಲಿಗೆ ನರಪಿಳ್ಳೆ ಬಂದಿಲ್ಲ ಎಂದಳು. ಅವ್ವನಿಗೆ ಮೊದಲೇ ಹೆಂಡತಿ ಹೇಳಿಬಿಟ್ಟಿದ್ದಳೋ ಎಂಬ ಸಂಶಯ ಬಂತು. ಕೇಳಿದ್ದಕ್ಕೆ ಅವಳು, ಹೇಳುವ ಧೈರ್ಯ ನನಗಿದ್ದಿದ್ದರೆ ಎಂಟು ತಿಂಗಳು ಯಾಕೆ ಕಾಯುತ್ತಿದ್ದೆ ಎಂದು ಅತ್ತಳು.

ಅವ್ವನ ದಿನಕರ್ಮ ಮುಗಿದ ಮೇಲೆ ಆ ಡಬ್ಬಿಗೆ ಸಕ್ಕರೆ ತುಂಬಿಕೊಂಡು ಸವಣೂರಿಗೆ ಹೋದೆ. ಎಲ್ಲವನ್ನೂ ಹೇಳಿ ಬರಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮಕ್ತುಮಸಾಬರ ಅಣ್ಣ ಒಳಗೆ ಕರೆದು ಕೂರಿಸಿದರು. ಗಂಡ ಸತ್ತ ದುಃಖದ ದಿನಗಳಾದ್ದರಿಂದ ಮಕ್ತುಮಸಾಬರ ಹೆಂಡತಿ ಹೊರಗೆ ಬರುವಂತಿರಲಿಲ್ಲ, ಪರದೆಯ ಹಿಂದಿನಿಂದ ಮಾತಾಡಿದರು. ಡಬ್ಬಿಯನ್ನು ಅಣ್ಣ ಒಳಗೆ ಕೊಟ್ಟರು.

"ಇದು ನಿಮ್ಮ ಕೈಗೆ ಹೆಂಗ ಬಂತ್ರಿ?" ಎಂದು ಆಕೆ ಕೇಳಿದರು. ಅವ್ವನ ಮಗ್ಗುಲಲ್ಲಿತ್ತು, ಯಾರು ತಂದರೋ ತಿಳಿಯದು ಎಂದೆ.

ಮಕ್ತುಮಸಾಬರು ಆ ಡಬ್ಬಿಯನ್ನು ಹುಬ್ಬಳ್ಳಿಗೂ ಒಯ್ದಿದ್ದರಂತೆ. ಅವ್ವಾರ ಡಬ್ಬಿ, ಬರೇ ಡಬ್ಬಿ ಹೆಂಗ ಕೊಡೂದು, ಏನರೆ ಮಾಡಿ ತುಂಬಿ ಕೊಡಬೇಕು, ಎನ್ನುತ್ತಿದ್ದರಂತೆ. ಅವರು ಹೋದ ಮೇಲೆ ಅದನ್ನು ತಿಕ್ಕಿ ಮಾಡದಲ್ಲಿ ಇಟ್ಟಿದ್ದರು. ನಲವತ್ತನೆಯ ದಿನ ಮನೆಯಲ್ಲಿ ಅಡುಗೆ ಮಾಡಿ ಮಂದಿಗೆ ಊಟ ಹಾಕಿದರು. ಸಂಜೆ ನೋಡಿದರೆ ಡಬ್ಬಿ ಇರಲಿಲ್ಲ. ಯಾರೋ ಊಟ ಕಟ್ಟಿಕೊಂಡು ಒಯ್ದಿರಬೇಕು ಎಂದುಕೊಂಡಿದ್ದರು. ಆ ದಿನ ಯಾವುದು ಎಂದು ಕೇಳಿದೆ. ಅದೇ ಶನಿವಾರ. ಹಾನಗಲ್ಲಿನಿಂದ ಯಾರೂ ಬಂದಿರಲಿಲ್ಲ, ಹಾನಗಲ್ಲಿಗೆ ಯಾರೂ ಹೋಗಿರಲಿಲ್ಲ. ಮಾಡಿದ್ದು ಬಿರಿಯಾನಿ ಮತ್ತು ಸಿಹಿ ಮಾತ್ರ. ಕರ್ಪೂರದ ಮಾತನ್ನು ನಾನು ಅಂಜುತ್ತ ತೆಗೆದೆ. ಮಣ್ಣು ಮಾಡುವ ಮೊದಲು ಹೆಣದ ಮೈಗೆ ಕರ್ಪೂರ ಹಚ್ಚುತ್ತೇವೆ, ಅದು ನಮ್ಮ ರಿವಾಜು, ಎಂದರು ಅಣ್ಣ.

ಏಳುವ ಹೊತ್ತಿಗೆ ಪರದೆಯ ಹಿಂದಿನಿಂದ ಇನ್ನೊಂದು ಮಾತು ಬಂತು. "ಅವರು ಅಂತಿದ್ರು, ಸರ ಶಾಣ್ಯಾ ಮನಷ್ಯಾರು, ಅವರಿಗೆ ಇಷ್ಟೊತ್ತಿಗೆ ಗೊತ್ತಾಗಿರತೈತಿ. ಒಂದ ದಿನ ತಾವಾಗೇ ಬಂದ ಹೇಳ್ತಾರ ಅಂತ."

ಜೋಡಿಸಿಕೊಂಡು ಹೋದ ಮಾತನ್ನು ನಾನು ಹೇಳಲಿಲ್ಲ. ಚಹಾ ಕುಡಿದು, ನಮಸ್ಕಾರ ಹೇಳಿ ಬಂದೆ. ಸಕ್ಕರೆಯನ್ನು ಇಟ್ಟುಕೊಂಡು ಡಬ್ಬಿಯನ್ನು ಅವರು ತಿರುಗಿ ಕೊಟ್ಟರು, ಅವ್ವಾರ ಹೆಸರಿನದು ನಿಮ್ಮಲ್ಲೇ ಇರಲಿ ಎಂದು. ಒಳಗೆ ಒಂದು ಹಿಡಿ ಉತ್ತತ್ತಿ ಹಾಕಿದ್ದರು.

ಈಗ ಎರಡೂ ಡಬ್ಬಿ ನಮ್ಮ ಮಾಡದಲ್ಲಿವೆ. ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಊಟಕ್ಕೆ ಬಂದ ಯಾರೋ ಡಬ್ಬಿ ತಂದಿರಬಹುದು. ಶಾಂತಕ್ಕ ತೂಕಡಿಸಿರಬಹುದು. ಮಾಸೂರಿನ ಕಡೆ ಯಾವುದೋ ಒಂದು ಮರ ಹೊತ್ತಲ್ಲದ ಹೊತ್ತಿನಲ್ಲಿ ಕಾಯಿ ಬಿಡುತ್ತದೆ ಎಂದು ಹೇಳುವವರಿದ್ದಾರೆ. ಒಂದೊಂದಕ್ಕೂ ಒಂದೊಂದು ಕಾರಣ ಸಿಗುತ್ತದೆ, ಎಲ್ಲಕ್ಕೂ ಸೇರಿ ಒಂದು ಕಾರಣ ನನಗೆ ಸಿಕ್ಕಿಲ್ಲ. ನಾನು ತೆಗೆದ ಆ ಫೋಟೊ ಇವತ್ತಿಗೂ ಗ್ರೂಪಿನಲ್ಲಿದೆ.

ಡಬ್ಬಿಯ ಸಂಗತಿಯನ್ನು ನೀವು ನಂಬದಿದ್ದರೆ ನನ್ನ ತಕರಾರಿಲ್ಲ, ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ. ನಮ್ಮೂರಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಹೇಳಬೇಕಾದದ್ದು ಇಷ್ಟೇ. ಆ ಫೋಟೊದಲ್ಲಿ ಇರುವುದು ಹಲಸಿನಕಾಯಿ. ಅದು ನನಗೆ ಆ ಸಂಜೆಯೇ ಗೊತ್ತಾಗಿತ್ತು.